ಓಡಿ ಬಂದ ಕುದುರೆಗೆ ಕೊಟ್ಟದ್ದೇನು

ಜ್ಞಾನದಲ್ಲಿರುವ ಬಿರುಕುಗಳೇ ಮನುಷ್ಯನನ್ನು ಶೋಧನೆಗೆ ಹಚ್ಚುತ್ತವೆ ಎಂದು ತಿಳಿದವರು ಹೇಳುತ್ತಾರೆ. ಗೋಕಾಕದಲ್ಲಿ ನಾವು ಬಿರುಕು ಕಂಡ ಕೂಡಲೇ ಸೆಗಣಿ ಕಲಸುವವರು.

ಇದಕ್ಕೆ ಹೊರತಾದವರೆಂದರೆ ನಮ್ಮ ಶಾಲೆಯ ಸಂಸ್ಕೃತ ಮಾಸ್ತರರು. ನಾನು ಅಲ್ಲಿಯೇ ಗಣಿತ ಕಲಿಸುತ್ತಿದ್ದೆ. ಇಬ್ಬರದೂ ಒಂದೇ ಓಣಿ. ಪುಣೆಯ ಗೆಳೆಯರೊಬ್ಬರು ಅವರಿಗೆ ಜರ್ಮನ್ ಪತ್ರಿಕೆಯೊಂದನ್ನು ಕಳಿಸಿದ್ದರು. ಅದರಲ್ಲಿ ತುರ್ಕಸ್ತಾನದ ಅನಾತೋಲಿಯಾದಲ್ಲಿ ಸಿಕ್ಕ, ಮೂರು ಸಾವಿರ ವರ್ಷಕ್ಕೂ ಹಳೆಯ ಮಣ್ಣಿನ ಹಲಗೆಯ ಚಿತ್ರವಿತ್ತು. ಹಿಟ್ಟೈಟ್ ಎಂಬ ಜನ ಕುದುರೆ ಪಳಗಿಸುವ ಕ್ರಮವನ್ನು ಮೊಳೆ ಒತ್ತಿದಂಥ ಅಕ್ಷರಗಳಲ್ಲಿ ಬರೆದಿಟ್ಟಿದ್ದರು. ನಡುನಡುವೆ ಸಂಸ್ಕೃತದಂಥ ಮಾತುಗಳೂ ಇದ್ದವು. ಮಾಸ್ತರರು ನಿಘಂಟೊಂದರ ಬಲದಿಂದಲೇ ಜರ್ಮನ್ ಕಲಿತರು. ಅವರ ಉಚ್ಚಾರ ಜರ್ಮನರಿಗೆ ತಿಳಿಯುತ್ತಿತ್ತೇ ಎಂಬ ಪ್ರಶ್ನೆ ಗೋಕಾಕದಲ್ಲಿ ಏಳಲೇ ಇಲ್ಲ.

ಓಡಿ ಬಂದ ಕುದುರೆಗೆ ಏನು ಕೊಡಬೇಕು ಎಂಬಲ್ಲಿಯೇ ಹಲಗೆ ಒಡೆದಿತ್ತು. ಪದದ ಮೊದಲ ಅಕ್ಷರ ಮಾತ್ರ ಉಳಿದಿತ್ತು. ಆ ಸಾಲು ಬೇರೆ ಯಾವ ಹಲಗೆಯಲ್ಲೂ ಸಿಕ್ಕಿರಲಿಲ್ಲ. ಅದು 'ಘೃತ', ಅಂದರೆ ತುಪ್ಪ, ಎಂದು ಊಹಿಸಿ ಮಾಸ್ತರರು ದೊಡ್ಡ ಲೇಖನ ಬರೆದರು. ಹುಕ್ಕೇರಿಯ ವಕೀಲರೊಬ್ಬರಿಗೆ ಇದನ್ನು ಕೇಳಿ ಆನಂದವೋ ಆನಂದ. ಮೂಡಲಗಿಯ ವಾಚನಾಲಯದಲ್ಲಿ ಸಭೆ ಕರೆದು ಓದಿಸುತ್ತೇನೆ, ಆಮೇಲೆ ಅಚ್ಚು ಹಾಕಿಸುತ್ತೇನೆ ಎಂದರು. ಮಾಸ್ತರರ ಹಲವು ವರ್ಷಗಳ ದುಡಿಮೆ ಅಚ್ಚು ಕಾಣಲು ಇದ್ದ ದಾರಿ ಅದೊಂದೇ.

ಸುದ್ದಿ ಟಾಂಗಾದವನಿಗೂ ಮುಟ್ಟಿತು. "ಮಾಸ್ತರ, ನಮ್ಮ ಕುದರಿಗೂ ತುಪ್ಪಾ ಕುಡಸ್ರಿ. ಮೂಡಲಗಿಗೆ ಹಾರಿಸ್ಕೊಂಡ ಒಯ್ತೇನಿ."

"ಮೊದಲ ಹೊಟ್ಟಿ ತುಂಬ ಹುಲ್ಲ ಹಾಕೋ ತಮ್ಮಾ," ಎಂದರು ಮಾಸ್ತರರು.

ಸಭೆಯ ಹಿಂದಿನ ದಿನ ಅವರ ಮನೆಗೆ ಹೋದರೆ ಅಂಗಳದಲ್ಲಿ ಮೈಕೈ ಕೆಸರು ಮಾಡಿಕೊಂಡು ಕೂತಿದ್ದರು. ಘಟಪ್ರಭೆಯ ದಂಡೆಯ ಜೇಡಿಮಣ್ಣು ತಂದು ಹದ ಮಾಡಿ, ಜೋಳದ ದಂಟಿನ ತುದಿಯನ್ನು ಮೂಲೆ ಬರುವಂತೆ ಕೊಯ್ದು, ಒಡೆದ ಸಾಲನ್ನು ಹೊಸದಾಗಿ ಒತ್ತುತ್ತಿದ್ದರು. ಬರೆದವನ ಕೈ ತಿಳಿಯಬೇಕಾದರೆ ಅವನಂತೆಯೇ ಬರೆದು ನೋಡಬೇಕು ಎಂಬುದು ಅವರ ಶಾಸ್ತ್ರ.

"ನೋಡ್ರಿ," ಎಂದರು ಅವರ ಮನೆಯವರು ಬಾಗಿಲಲ್ಲಿ ನಿಂತು, "ಸಾಲಿ ಹುಡುಗೂರು ಬಿಟ್ಟ ಆಟಾ ಇವರು ಹಿಡದಾರ."

ಮಾಸ್ತರರು ನಗಲಿಲ್ಲ. "ಇಲ್ಲಿ ಬರ್ರಿ. ಚಿತ್ರದಾಗ ಒಡದಲ್ಲಿ ಎರಡ ಅಕ್ಷರದ ಜಾಗಾ ಐತಿ. ಆ ಲಿಪ್ಯಾಗ 'ಘೃತ' ಬಿಡಿಸಿ ಬರೀಬೇಕು, ಪ್ರತ್ಯಯಾ ಹಿಡದು ತುಪ್ಪಕ್ಕ ಇನ್ನ ನಾಕು ಬೇಕು."

"ಅಂವಾ ಸಣ್ಣಾಗಿ ಬರದಿರಬೇಕ್ರಿ," ಎಂದೆ.

"ಮ್ಯಾಲಿನ ಸಾಲು ನೋಡ್ರಿ, ಕೆಳಗಿನ ಸಾಲು ನೋಡ್ರಿ. ಎಲ್ಲಾ ಕಡೆ ಧಾರಾಳ ಬರದಾನ. ತುಪ್ಪಕ್ಕಷ್ಟ ಯಾಕ ಜಿಪುಣ ಆಗ್ತಾನ್ರಿ?"

ಮರುದಿನ ಮೂಡಲಗಿಯಲ್ಲಿ ಸಭೆಗೆ ಮೊದಲೇ ವಕೀಲರಿಗೆ ಇದನ್ನು ತಿಳಿಸಿದರು. ವಕೀಲರು ಹಾರದ ಪುಟ್ಟಿಯನ್ನು ಕೆಳಗಿಟ್ಟರು.

"ಮಾಸ್ತರ, ಮೂಡಲಗ್ಯಾಗ ಯಾರು ಅಳತಿ ಹಿಡೀತಾರ್ರಿ? ತುಪ್ಪಾ ಅಂದ ಬಿಡ್ರಿ. ನಾಳೇನ ಅಚ್ಚಿಗೆ ಕೊಡ್ತೇನಿ."

"ನಾ ಹಿಡದೇನಲ್ರೀ."

ಸಭೆ ಸೇರಿದ ಮೇಲೆ ಮಾಸ್ತರರು ಎದ್ದು ನಿಂತು, ಕಟ್ಟಿಕೊಂಡು ಬಂದಿದ್ದ ಮಣ್ಣಿನ ಹಲಗೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಕುದುರೆಗೆ ಕೊಟ್ಟದ್ದು ತುಪ್ಪವಲ್ಲ, ಏನೆಂಬುದು ನನಗೆ ಗೊತ್ತಿಲ್ಲ ಎಂದರು.

"ಇದನ್ನ ಹೇಳಾಕ ಗೋಕಾಕದಿಂದ ಟಾಂಗಾ ಮಾಡ್ಕೊಂಡ ಬಂದ್ರ್ಯಾ?" ಎಂದಿತು ಹಿಂದಿನಿಂದ ಒಂದು ದನಿ.

"ಹೌದ್ರಿ," ಎಂದರು ಮಾಸ್ತರರು.

'ಗೊತ್ತಿಲ್ಲ' ಎಂಬ ಮಾತನ್ನು ನಾನು ತರಗತಿಯಲ್ಲಿ ದಿನವೂ ಕೇಳುತ್ತಿದ್ದವನು. ಅಷ್ಟೆಲ್ಲ ಓದಿ ಸಂಪಾದಿಸಿದ 'ಗೊತ್ತಿಲ್ಲ'ವನ್ನು ಕೇಳಿದ್ದು ಅದೇ ಮೊದಲು, ಆಮೇಲೆಯೂ ಕೇಳಿಲ್ಲ.

ಲೇಖನ ಅಚ್ಚಾಗಲಿಲ್ಲ.