ಮಂಗಳನ ಕಾಲುವೆಯ ಹೂಳು

ಇವತ್ತು ಬೆಳಗ್ಗೆ ಸಂಜಯನಗರದ ನಮ್ಮ ಮನೆಯಲ್ಲಿ ಕಾಫಿ ಲೋಟವನ್ನು ಪೇಪರಿನ ಮೇಲಿಟ್ಟಿದ್ದೆ. ಎತ್ತಿ ನೋಡಿದರೆ ಕಾಫಿ ಕಲೆಯ ಉಂಗುರದೊಳಗೆ ಮಂಗಳ ಗ್ರಹ. ಬರಡು ನೆಲದ ಚಿತ್ರ. ಒಂದು ಕಾಲಕ್ಕೆ ಅಲ್ಲಿ ನೀರು ಹರಿದಿತ್ತು, ಜೀವವೂ ಇದ್ದಿರಬಹುದು, ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ ಎಂದು ಕೆಳಗೆ ಬರೆದಿತ್ತು. ನನಗೆ ನಗು ತಡೆಯಲಾಗಲಿಲ್ಲ. ಅಡುಗೆಮನೆಯಿಂದ ಇಣುಕಿದ ಸೊಸೆ, ಮಾವನ ವಿವರಣೆ ಶುರುವಾದೀತೆಂದು ಬೇಗನೆ ಒಳಗೆ ಹೋದಳು. ಈ ಮನೆಯಲ್ಲಿ ಎಲ್ಲ ಪ್ರಶ್ನೆಗೂ ನನ್ನಲ್ಲಿ ಉತ್ತರವಿದೆ, ಕೇಳುವವರು ಮಾತ್ರ ಇಲ್ಲ. ಈ ಗುಣ ನಮ್ಮ ದೊಡ್ಡಪ್ಪನಿಂದ ಬಂದ ಆಸ್ತಿ. ನೀವಾದರೂ ಕೂತುಕೊಳ್ಳಿ, ಹೇಳುತ್ತೇನೆ.

ದೊಡ್ಡಪ್ಪ ಯಲಹಂಕದಲ್ಲಿ ಸ್ಕೂಲು ಮೇಷ್ಟ್ರು. ತಲತಲಾಂತರದಿಂದ ಕೆರೆಯ ಕೆಳಗೆ ಗದ್ದೆ ಮಾಡಿಕೊಂಡು ಬಂದ ನಮ್ಮ ಮನೆತನದಲ್ಲಿ ಗುದ್ದಲಿ ಹಿಡಿಯಲು ಬಾರದ ಒಬ್ಬರೇ ಗಂಡಸು. ಅದಕ್ಕೆ ಅವರು ಕೊಡುತ್ತಿದ್ದ ಕಾರಣ ಬೆನ್ನುನೋವು. ದೊಡ್ಡಮ್ಮನ ಪ್ರಕಾರ ಆ ನೋವು ಊಟದ ಹೊತ್ತಿಗೆ ತಾನಾಗಿಯೇ ವಾಸಿಯಾಗುತ್ತಿತ್ತು.

ಆಗೆಲ್ಲ ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಕೆರೆಯಿಂದ ಗದ್ದೆಗೆ ನೀರು ಹರಿಯುವ ಕಾಲುವೆಯ ಹೂಳನ್ನು ಊರವರೇ ಎತ್ತಬೇಕಿತ್ತು. ಮನೆಗೊಂದು ಆಳು. ಆಳು ಕಳಿಸದವರ ಗದ್ದೆಗೆ ಎಲ್ಲರದೂ ಆದ ಮೇಲೆ ನೀರು. ನಮ್ಮ ಮನೆಯಿಂದ ದೊಡ್ಡಪ್ಪ ಹೋಗುತ್ತಿದ್ದರು, ಕೈಯಲ್ಲಿ ಗುದ್ದಲಿಯ ಬದಲು ಕೊಡೆ. ದಡದ ಹೊಂಗೆ ಮರದ ನೆರಳಲ್ಲಿ ಕೂತು, ಕೆಳಗೆ ಅಗೆಯುವವರಿಗೆ ಮಂಗಳ ಗ್ರಹದ ಕಾಲುವೆಗಳ ಕಥೆ ಹೇಳುತ್ತಿದ್ದರು. ದುರ್ಬೀನಿನಲ್ಲಿ ನೋಡಿದರೆ ಅಲ್ಲಿ ಗೆರೆ ಎಳೆದಂಥ ಕಾಲುವೆಗಳಿವೆ, ತೋಡಿದವರು ಅಲ್ಲಿನ ಜನ ಎಂದು ಯಾವುದೋ ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದರಂತೆ.

ಅಲ್ಲಿ ಜನ ಇರುವುದು ನಿಜವೇ ಎಂದು ನಮ್ಮವರು ಯಾರೂ ಕೇಳಲಿಲ್ಲ. ಕಾಲುವೆ ಇದ್ದ ಮೇಲೆ ಜನ ಇರಲೇಬೇಕಲ್ಲ. ಅವರು ಕೇಳಿದ್ದು, ತೂಬಿನ ಉಸ್ತುವಾರಿ ಯಾರದು, ಮೇಲಿನ ಊರಿನವರು ಕದ್ದು ನೀರು ತಿರುಗಿಸಿಕೊಳ್ಳುತ್ತಾರೆಯೇ, ಹೂಳೆತ್ತಲು ಅಲ್ಲಿಯೂ ಮನೆಗೊಂದು ಆಳೇ ಎಂದು. ಪುಸ್ತಕದಲ್ಲಿ ಇಲ್ಲದ್ದಕ್ಕೂ ದೊಡ್ಡಪ್ಪ ಉತ್ತರ ಕೊಡುತ್ತಿದ್ದರು. ಕಥೆಯ ಗುಂಗಿನಲ್ಲಿ ಹೂಳು ಬೇಗ ಏಳುತ್ತಿದ್ದುದರಿಂದ, ಅವರನ್ನೂ ಒಂದು ಆಳೆಂದೇ ಲೆಕ್ಕಕ್ಕೆ ಹಿಡಿದರು. ಮಂಗಳನ ಕಾಲುವೆಯಿಂದ ಯಲಹಂಕದಲ್ಲಿ ಭತ್ತ ಬೆಳೆದವರು ನಾವೊಬ್ಬರೇ ಇರಬೇಕು.

ನನಗಾಗ ಪೇಟೆಯಲ್ಲಿ ಹೊಸ ಕೆಲಸ. ಸಂಜೆ ಬಸ್ಸಿನಲ್ಲಿ ಬರುವಾಗ ದೊಡ್ಡಪ್ಪನಿಗೆ ಇಂಗ್ಲಿಷ್ ಪೇಪರ್ ತರುತ್ತಿದ್ದೆ. ಅರವತ್ತರ ದಶಕದ ನಡುವೆ ಒಂದು ವರ್ಷ ಮಳೆ ತಡವಾಗಿ, ಹೂಳೆತ್ತುವುದು ಆಷಾಢಕ್ಕೆ ಜಾರಿತ್ತು. ಆಗಲೇ ಅಮೆರಿಕದವರ ನೌಕೆಯೊಂದು ಮಂಗಳನ ಹತ್ತಿರ ಹಾದು ಫೋಟೋ ಕಳಿಸಿತು. ಕಾಲುವೆಯಿಲ್ಲ, ಜನರಿಲ್ಲ, ಬರೀ ಗುಳಿ. ದೊಡ್ಡಪ್ಪ ಪೇಪರನ್ನು ತಲೆಕೆಳಗು ಮಾಡಿಯೂ ನೋಡಿದರು. ಮಾರನೆಯ ದಿನ ಭಾನುವಾರ, ಹೂಳೆತ್ತುವ ದಿನ. ಬೆಳಗ್ಗೆ ಅವರು ಗುದ್ದಲಿ ಹುಡುಕುತ್ತಿದ್ದುದನ್ನು ಕಂಡು ದೊಡ್ಡಮ್ಮ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದರು.

ನಾನೂ ಹಿಂದೆಯೇ ಹೋದೆ. ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ಕಾಲುವೆಗೆ ಇಳಿದು, ಎಲ್ಲರಿಗೂ ಪೇಪರ್ ತೋರಿಸಿ ಸುದ್ದಿ ಹೇಳಿದರು. ಪೇಪರು ಕೈಯಿಂದ ಕೈಗೆ ದಾಟಿತು. ಕೊನೆಗೆ ಎಲ್ಲರಿಗಿಂತ ಹಿರಿಯರಾದ ಪಿಳ್ಳಪ್ಪ, ದೊಡ್ಡಪ್ಪನ ಮರ್ಯಾದೆ ಉಳಿಸಲು ಮುಂದಾದರು.

"ಈ ಗುಳಿಗಳು ಕೆರೆ ಇರ್ಬೇಕು ಮೇಷ್ಟ್ರೇ. ನೀರು ಬತ್ತೋಗೈತೆ, ಊಳು ಎತ್ತೋರಿಲ್ದೆ ಕಾಲ್ವೆ ಮುಚ್ಚೋಗೈತೆ. ನೀವು ಏಳಿದ್ದೇನೂ ಸುಳ್ಳಲ್ಲ."

ಎಲ್ಲರೂ ಹೌದು ಹೌದು ಎಂದರು. ದೊಡ್ಡಪ್ಪ ಗೌರವವಾಗಿ ದಡ ಹತ್ತಿ ನೆರಳಿಗೆ ಹೋಗಬಹುದಿತ್ತು. ನಾನಾಗಿದ್ದರೆ ಹೋಗುತ್ತಿದ್ದೆ.

"ಇಲ್ಲ ಪಿಳ್ಳಪ್ಪಣ್ಣ, ಅಲ್ಲಿ ಕಾಲುವೇನೇ ಇರ್ಲಿಲ್ಲ," ಎಂದರು. "ನೋಡ್ದೋರು ತಪ್ಪಾಗಿ ನೋಡಿದ್ರು, ಅದ್ರ ಮೇಲೆ ನಾನಿನ್ನಷ್ಟು ಸೇರ್ಸಿ ಹೇಳ್ದೆ. ಇಷ್ಟು ವರ್ಷ ನಮ್ಮ ಗದ್ದೆ ಪುಕ್ಕಟೆ ನೀರು ಕುಡೀತು."

ಹಾಗೆಂದು ಗುದ್ದಲಿ ಎತ್ತಿದರು. ಆ ಅಗೆತ ನೀವು ನೋಡಬೇಕಿತ್ತು. ಎತ್ತಿದ ಮಣ್ಣಿನಲ್ಲಿ ಅರ್ಧ ಮತ್ತೆ ಕಾಲುವೆಗೇ, ಇನ್ನರ್ಧ ಪಕ್ಕದವರ ತಲೆಗೆ. ಮಜ್ಜಿಗೆ ಬರುವ ಹೊತ್ತಿಗೆ ಅಂಗೈ ತುಂಬ ಬೊಬ್ಬೆ. ಆದರೂ ಬಿಡಲಿಲ್ಲ. ಮೊದಮೊದಲು ಎಲ್ಲರ ಜೊತೆ ನಕ್ಕ ನನಗೆ ಆಮೇಲೆ ನಗು ಬರಲಿಲ್ಲ. ಅವರ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಉಕ್ಕಿರಲಿಲ್ಲ. ಪಿಳ್ಳಪ್ಪ ಬಂದು ಗುದ್ದಲಿ ಕಿತ್ತುಕೊಂಡು ಹೊಂಗೆ ಮರ ತೋರಿಸಿದರು.

"ಆ ಕಾಲ್ವೆ ಓದ್ರೆ ಓಗ್ಲಿ. ಇನ್ನೆಲ್ಲಾದ್ರೂ ಜನ ಅವ್ರಾ, ಅದ್ನ ಏಳಿ."

ದೊಡ್ಡಪ್ಪ ದಡ ಹತ್ತಿ ನೆರಳಲ್ಲಿ ಕೂತು, ಗೊತ್ತಿಲ್ಲ ಎಂದರು. ಅವರ ಬಾಯಿಂದ ಊರು ಆ ಮಾತು ಕೇಳಿದ್ದು ಅದೇ ಮೊದಲು. ಆಮೇಲೆ ಮಧ್ಯಾಹ್ನದವರೆಗೂ ಆ ಗೊತ್ತಿಲ್ಲದ್ದನ್ನೇ ಹೇಳಿದರು. ಒಂದೊಂದು ನಕ್ಷತ್ರವೂ ಒಬ್ಬೊಬ್ಬ ಸೂರ್ಯ, ಅವಕ್ಕೂ ಗ್ರಹಗಳಿರಬಹುದು, ಇನ್ನೂ ಯಾರೂ ಕಂಡಿಲ್ಲ ಎಂದರು. ಹೂಳು ಎಂದಿಗಿಂತ ಬೇಗ ಎದ್ದಿತು.

ಈಗ ಆ ಕಾಲುವೆಯ ಮೇಲೆ ಅಂಗಡಿ ಸಾಲಿದೆ. ಮಂಗಳನಲ್ಲಿ ನೀರಿತ್ತು, ಬತ್ತಿತು ಎಂದು ಪಿಳ್ಳಪ್ಪ ದಾಕ್ಷಿಣ್ಯಕ್ಕೆ ಹೇಳಿದ ಮಾತನ್ನು ಇಂದಿನ ಪೇಪರು ನಿಜವೆನ್ನುತ್ತಿದೆ. ದೊಡ್ಡಪ್ಪ ಇದ್ದಿದ್ದರೆ ಅದನ್ನು ಹೇಳಲು ಕೊಡೆ ಹಿಡಿದು ಪಿಳ್ಳಪ್ಪನ ಮನೆಗೆ ಹೊರಟೇಬಿಡುತ್ತಿದ್ದರು.

ಲೋಟ ತೆಗೆದುಕೊಳ್ಳಲು ಬಂದ ಸೊಸೆ ಚಿತ್ರ ನೋಡಿ, ಅಲ್ಲಿ ಯಾರಾದರೂ ಇದ್ದಾರಂತಾ ಎಂದು ಕೇಳಿದಳು. ನಾಲಿಗೆಯ ತುದಿಯಲ್ಲಿ ಉದ್ದದ ಉತ್ತರವೊಂದು ಸಿದ್ಧವಾಗಿತ್ತು.

"ಗೊತ್ತಿಲ್ಲಮ್ಮ," ಎಂದೆ.

ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಒಳಗೆ ಹೋಗಿ ಒಲೆ ಆರಿಸಿ ಬಂದು, ನನ್ನೆದುರಿಗೆ ಕುರ್ಚಿ ಎಳೆದುಕೊಂಡು ಕೂತಳು.