ಮುರಿದ ಬಣ್ಣದ ಪೆನ್ಸಿಲ್, ಮಗುವಿಗೆ ಏಟು

“ಹೊಸಾ ಪೆನ್ಸಿಲ್ ಎಲ್ಲಾ ಮುರದೀಯಲ್ಲಬೇ, ಇನ್ನ ನೀನು ಬಣ್ಣ ಹಚ್ಚೋದ ಬ್ಯಾಡ” ಎನ್ನುತ್ತಾ ಹರಪನಹಳ್ಳಿಯ ಪುಸ್ತಕದಂಗಡಿಯೊಂದರ ಮುಂದೆ ತಾಯಿಯೊಬ್ಬಳು ಮಗಳ ಕೈಗೆ ಹೊಡೆದಳು. “ಮಕ್ಳು ಒತ್ತಿ ಬರಿತಾವ್ರಿ” ಎಂದು ಅಂಗಡಿಯವನು ಅದಕ್ಕೆ ತಾಳ ಹಾಕಿದ.

ಮೆಕ್ಕೆಜೋಳ ಕೊಳ್ಳುವಾಗ ಚೀಲದ ತಳದ ಕಾಳನ್ನೂ ಕಡಿದು ನೋಡುವವನು ನಾನು. ಅಲ್ಲೇ ನಿಂತಿದ್ದವನು, ಆ ಮಗುವಿನ ಪೆನ್ಸಿಲ್‌ಗಳಂಥದ್ದೇ ಹೊಸ ಡಬ್ಬಿಯೊಂದನ್ನು ಒಡೆಸಿ, ಪೆನ್ಸಿಲನ್ನು ಮೆಂಡರ್‌ಗೆ ಹಾಕಿ ತಿರುಗಿಸಿದೆ. ಒಳಗಿನ ಕಡ್ಡಿ ತುಂಡು ತುಂಡಾಗಿ ಉದುರಿತು. “ಇದನ್ನ ಯಾರ್ ಒತ್ಯಾರ್ರಿ ಸಾವ್ಕಾರ್ರ?” ಎಂದೆ. ಅವನು ಆ ಹುಡುಗಿಗೆ ಬೇರೆ ಕಂಪನಿಯ ಡಬ್ಬಿ ಕೊಟ್ಟ.

ಅಗ್ಗದ ಪೆನ್ಸಿಲನ್ನೇ ಕೊಳ್ಳಿ, ತಪ್ಪಿಲ್ಲ. ಆದರೆ ಅಂಗಡಿಯಲ್ಲೇ ಒಂದನ್ನು ಕೆತ್ತಿ, ಗೀಚಿ ನೋಡಿ. ಗಟ್ಟಿ ಪೆನ್ಸಿಲ್ ಸಿಕ್ಕ ಮೇಲೂ ಆ ಹುಡುಗಿ ಹೆದರಿ, ಬಣ್ಣ ಕಾಣದಷ್ಟು ಮೆಲ್ಲಗೆ ಗೀಚಿದ್ದನ್ನು ನೆನೆದರೆ ನನ್ನ ಸಿಟ್ಟು ಈಗಲೂ ಇಳಿಯುವುದಿಲ್ಲ.