ಶಿವಮಲ್ಲಪ್ಪನ ಸರಿತಪ್ಪು

ಗುಂಡ್ಲುಪೇಟೆ ಮಗ್ಗುಲಿನ ಊರೊಂದರಲ್ಲಿ ರೇಷನ್ ಅಂಗಡಿ ನಡೆಸುವ ಶಿವಮಲ್ಲಪ್ಪನಿಗೆ ಅಕ್ಕಿ ತೂಗುವುದಕ್ಕಿಂತ ಸರಿತಪ್ಪು ತೂಗುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ಕೂಲಿಗೆ ಹೋಗುವ ಗುರುಮಲ್ಲಮ್ಮ ಸಾಲಿನಲ್ಲಿ ನಿಂತು ಅದೆಷ್ಟು ಸಲ ಗೊಣಗಿದ್ದಾಳೋ. ಯಾರಾದರೂ ನಡುವೆ ನುಗ್ಗಿದರೆ ಸಾಕು, ಅವನು ತೂಗುವುದನ್ನು ಬಿಟ್ಟು ಶುರುಮಾಡುತ್ತಾನೆ: ‘ರೂಲ್ಸ್ ಪ್ರಕಾರ ಮೊದ್ಲು ಬಂದೋರ್ಗೆ ಮೊದ್ಲು. ನಾಕು ಜನಕ್ಕೆ ಒಳ್ಳೇದಾಗ್ಲಿ ಅಂದ್ರೆ ಕೂಸು ಎತ್ಕಂಡಿರೋಳ್ಗೆ ಮೊದ್ಲು. ಇನ್ನು ಒಳ್ಳೆ ಮನ್ಸ ಆದೋನು ಏನ್ ಮಾಡಾನು, ಅದ್ನೂ ನೋಡ್ಬೇಕಲ್ಲ.’ ಅಷ್ಟರಲ್ಲಿ ಕಂಕುಳ ಕೂಸು ನಿದ್ದೆಹೋಗಿರುತ್ತದೆ. ಮನೆಯ ಬೆಕ್ಕು ಹಾಲು ಕುಡಿದರೂ ಈ ಮೂರು ಬಗೆಯ ವಿಚಾರಣೆ ತಪ್ಪಿದ್ದಲ್ಲ. ಸುಳ್ಳನ್ನು ಮಾತ್ರ ಅವನು ಯಾವ ಬಗೆಯಲ್ಲೂ ಒಪ್ಪುವವನಲ್ಲ. ಹೆಂಡತಿ ಮಾಡಿದ ಸಾರನ್ನು ಸಪ್ಪೆ ಎಂದೇ ಹೇಳಿ ಉಪವಾಸ ಮಲಗಿದವನು. ಕಳೆದ ತಿಂಗಳು, ಅರಿಸಿನ ಬಿಡಿಸಿ ಬಿಡಿಸಿ ಸವೆದ ಗುರುಮಲ್ಲಮ್ಮನ ಹೆಬ್ಬೆಟ್ಟನ್ನು ಮಿಷನ್ನು ಮೂರು ದಿನವಾದರೂ ಒಪ್ಪಲಿಲ್ಲ. ‘ಎಬ್ಬೆಟ್ಟು ಇಲ್ದೆ ಕೊಟ್ರೆ ತಪ್ಪಾಯ್ತದೆ ಕಣಕ್ಕ’ ಎಂದು ಬರಿಗೈಲಿ ಕಳಿಸಿದವನು, ಮೂರನೆಯ ದಿನ ಸಂಜೆ ತಾನೇ ಚೀಲ ಹೊತ್ತು ಅವಳ ಬಾಗಿಲಿಗೆ ಬಂದ. ‘ವಯಸ್ಸಾದೋರ್ಗೆ ಎಬ್ಬೆಟ್ಟು ಬ್ಯಾಡ ಅಂತ ಆರ್ಡ್ರು ಬಂದದೆ. ನಿನ್ ಪಾಲಿಂದು, ತಕ್ಕೊ’ ಎಂದು ಅವಳ ಮುಖ ನೋಡದೆ ಹೊರಟುಹೋದ. ಅಕ್ಕಿಯನ್ನು ಎಸರಿಗೆ ಹಾಕಲು ಹೋದಾಗ ಗುರುಮಲ್ಲಮ್ಮನಿಗೆ ತಿಳಿಯಿತು, ಇದು ರೇಷನ್ನಿನ ದಪ್ಪಕ್ಕಿಯಲ್ಲ, ಅವನ ಮನೆಯಲ್ಲಿ ಉಣ್ಣುವ ಸಣ್ಣಕ್ಕಿ. ಒಲೆಯ ಮುಂದೆ ಅವಳ ಕಣ್ಣು ತುಂಬಿತು. ಮಾರನೆಯ ದಿನ ಎದುರಾದ ಅವನಿಗೆ ಎರಡೂ ಕೈ ಜೋಡಿಸಿ, ‘ಸರ್ಕಾರದೋರು ಈ ಸಲ ಒಳ್ಳೆ ಅಕ್ಕಿ ಕೊಟ್ಟವ್ರೆ ಕಣಪ್ಪ. ಅವರ ಒಟ್ಟೆ ತಣ್ಗಿರ್ಲಿ’ ಎಂದಳು.